ಜ್ಯೇಷ್ಠಮಧುವಿನ ಸಿಹಿ

ಮೊಮ್ಮಕ್ಕಳೇ, ನಿಮ್ಮ ಮುತ್ಯಾ ತಂಬಾಕು ಬಿಟ್ಟದ್ದು ಜ್ಯೇಷ್ಠಮಧುವಿನ ಬೇರಿನಿಂದ. ಮುಂಬಯಿಗೆ ಬಂದು ಭಾಂಡುಪಿನ ಫ್ಯಾಕ್ಟರಿಗೆ ಸೇರಿದಾಗಿನಿಂದ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಅವರ ದವಡೆಯಲ್ಲಿ ಇದ್ದೇ ಇರುತ್ತಿತ್ತು. ನಾನು ಬೇಡಿಕೊಂಡೆ, ನಮ್ಮತ್ತೆ ಆಣೆ ಹಾಕಿಸಿದರು. ಯಾವುದೂ ನಡೆಯಲಿಲ್ಲ. ಒಮ್ಮೆ ಕೆಮ್ಮು ಬಿಡದೆ ಕಾಡಿದಾಗ ಮಾಟುಂಗದ ಬೇರುನಾರಿನ ಅಂಗಡಿಯವನು ಈ ಕಡ್ಡಿ ಕೊಟ್ಟ. ಕೆಮ್ಮು ಹೋಯಿತು, ಕಡ್ಡಿ ಉಳಿಯಿತು. ತಂಬಾಕಿನ ಡಬ್ಬಿ ತಾನಾಗಿಯೇ ಮೂಲೆ ಸೇರಿತು.

"ಈಗರ ಸಮಾಧಾನ ಆತಿಲ್ಲ ನಿನಗ? ಬಾಯಿ ಸಿಹಿ ಆಗ್ಯದ," ಅಂದರು.

"ಬಾಯಿ ಸಿಹಿ ಆಗ್ಯದರಿ, ಮಾತು ಇನ್ನೂ ಖಾರನ ಅದ," ಅಂದೆ. ಅವರು ನಕ್ಕರು.

ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಗಿಯುತ್ತಿದ್ದರು. ಅಷ್ಟರಲ್ಲಿ ಬಿಪಿ ಏರತೊಡಗಿತು. ಮಾತ್ರೆ ಹೆಚ್ಚಿಸಿದರೂ ಇಳಿಯಲಿಲ್ಲ. ಪಾದ ಬಾತವು, ಮೆಟ್ಟಿಲು ಹತ್ತುವಾಗ ಕಾಲಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಿದ್ದರು. ಸಯನ್ ಆಸ್ಪತ್ರೆಯಲ್ಲಿ ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು. ಇಲ್ಲ ಅನ್ನುತ್ತಿದ್ದರು. ಅದು ಸುಳ್ಳಲ್ಲ. ನಮ್ಮ ಕಡೆ ಔಷಧಿ ಅಂದರೆ ಡಾಕ್ಟರು ಕೊಟ್ಟದ್ದು. ಶುಂಠಿ, ಅಜವಾನ, ಬೇರು ಇವೆಲ್ಲ ಮನೆಯ ಸಾಮಾನು.

ಒಂದು ದಿನ ಅವರು ಅಗಿಯುವುದನ್ನು ಡಾಕ್ಟರು ನೋಡಿದರು. "ಬಾಯಲ್ಲಿ ಏನದು?"

"ತಂಬಾಕು ಅಲ್ಲ ಸಾಹೇಬ್, ಜ್ಯೇಷ್ಠಮಧು!" ಎಂದು ಹೆಮ್ಮೆಯಿಂದ ಕಡ್ಡಿ ತೆಗೆದು ತೋರಿಸಿದರು.

ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಶಿಯಮ್ ಬಹಳ ಕಡಿಮೆ ಇತ್ತು. ಅವತ್ತೇ ಕಡ್ಡಿ ಬಂದ್ ಆಯಿತು. ಕೆಲವು ವಾರಗಳಲ್ಲಿ ಬಿಪಿ ಇಳಿಯಿತು, ಕಾಲಿನ ಬಾವೂ ಹೋಯಿತು. ಎಲ್ಲರಿಗೂ ಸಂತೋಷ.

ಆದರೆ ಬಾಯಿ ಖಾಲಿ ಉಳಿಯಿತು. ಬಡೇಸೋಪು ಕೊಟ್ಟೆ, ಲವಂಗ ಕೊಟ್ಟೆ. "ಇದು ಅಗಿಯೂದರಾಗ ಮುಗದು ಹೋಗ್ತದ," ಅಂದರು. ದೀಪಾವಳಿಯ ಹೊತ್ತಿಗೆ ಅಂಗಿಯ ಕಿಸೆಯಲ್ಲಿ ಮತ್ತೆ ಸುಣ್ಣದ ವಾಸನೆ. ಆಮೇಲೆ ಬಾಯಲ್ಲಿ ಆದ ಹುಣ್ಣು ಮಾಯಲಿಲ್ಲ. ಮುಂದಿನದು ನಿಮಗೆ ಗೊತ್ತು.

ಮೊನ್ನೆ ನಿಮ್ಮಲ್ಲಿ ದೊಡ್ಡವಳು, ಫಾರ್ಮಸಿ ಓದುವವಳು, ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ನೇರಳೆ ಬಣ್ಣದ ನೀರಿಗೆ ಜ್ಯೇಷ್ಠಮಧುವಿನ ರಸ ಹಾಕಿದರೆ ನೇರಳೆ ಹೋಗಿ ಹಳದಿಯಾಗುತ್ತದೆ.

"ದೇಖೋ ಅಜ್ಜಿ, ಆಂಟಿಆಕ್ಸಿಡೆಂಟ್! ಅದರಲ್ಲಿ ಫ್ಲೇವನಾಯ್ಡ್ ಇದೆ, ಬಾಡಿಗೆ ಒಳ್ಳೇದು."

"ಹಂಗಾದ್ರ ಮುತ್ಯಾಗ ಯಾಕ ಬ್ಯಾಡ ಅಂದ್ರು?"

"ಅದು ಬೇರೆ ಕೆಮಿಕಲ್. ಗ್ಲಿಸಿರೈಝಿನ್. ಸ್ವೀಟ್ ಆಗೋದು ಅದರಿಂದಾನೇ. ಅದೇ ಬಾಡಿಯಲ್ಲಿ ಉಪ್ಪು ಹಿಡಿದು ಇಡ್ತದೆ, ಪೊಟ್ಯಾಶಿಯಮ್ ಹೊರಗೆ ಹಾಕ್ತದೆ. ಅದನ್ನು ತೆಗೆದ ಪುಡಿಯೂ ಸಿಗ್ತದೆ, ಅಜ್ಜಿ."

"ಆಗೂ ಸಿಗತಿತ್ತೇನ?"

"ಸಿಗ್ತಿತ್ತು," ಅಂದವಳು ನನ್ನ ಮುಖ ನೋಡಿ ಮೊಬೈಲು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಆದ್ರೆ ಅಷ್ಟು ಸ್ವೀಟ್ ಇರಲ್ಲ," ಅಂದಳು.

ಅವರನ್ನು ತಂಬಾಕಿನಿಂದ ಬಿಡಿಸಿದ್ದು ಆ ಸಿಹಿಯೇ. ಸಿಹಿಯಿಲ್ಲದ ಪುಡಿಯನ್ನು ಅವರು ಬಾಯಿಗೆ ಹಾಕಿಕೊಳ್ಳುತ್ತಿದ್ದರೋ, ಥೂ ಎಂದು ಉಗುಳುತ್ತಿದ್ದರೋ ನನಗೆ ಗೊತ್ತಿಲ್ಲ. ಕಡ್ಡಿ ಬಿಡಿಸಿದ ದಿನ ಅದರ ಬದಲು ಬಾಯಿಗೆ ಏನು ಕೊಡಲಿ ಎಂಬ ಮಾತು ನನ್ನ ನಾಲಿಗೆಯ ತನಕ ಬಂದಿತ್ತು. ಡಾಕ್ಟರ ಮುಂದೆ ನಾಚಿಕೆಯಾಗಿ ನಿಮ್ಮ ಮುತ್ಯಾನ ಬೆನ್ನ ಹಿಂದೆಯೇ ನಿಂತುಬಿಟ್ಟೆ.