ಗೆರೆ ಎಳೆದ ಪ್ರಶ್ನೆ

ಘಟಪ್ರಭಾದಲ್ಲಿ ನಮ್ಮ ಬಾಜೂ ಮನೆಯ ಸಂಶೋಧಕಿ ಒಂಟಿತನ ಅಳೆಯುವ ಪ್ರಶ್ನಾವಳಿ ತಯಾರಿಸುತ್ತಿದ್ದರು. ಉತ್ತರ ಬರೆದುಕೊಳ್ಳಲು ನಾನೂ ಜೊತೆಗೆ ಹೋಗುತ್ತಿದ್ದೆ. "ತಿಳಿದಂಗ ಹೇಳ್ರಿ, ತಪ್ಪ ಉತ್ತರ ಅನ್ನೂದ ಇಲ್ಲ," ಎಂದು ಎಲ್ಲರಿಗೂ ಹೇಳುತ್ತಿದ್ದರು.

ಗೋಕಾಕ ಫಾಲ್ಸಿನಲ್ಲಿ ಒಬ್ಬರೇ ಇದ್ದ ವಯಸ್ಸಾದ ಆಯಿಗೆ, "ಮನಸಿನ ಮಾತ ಹೇಳಾಕ ಯಾರರ ಅದಾರೇನ್ರಿ?" ಎಂದು ಕೇಳಿದರು.

"ಅದಾರ."

"ಯಾರ್ರಿ?"

"ನೀ ಬಂದೀಯಲ್ಲವ್ವಾ."

ಎಲ್ಲ ಪ್ರಶ್ನೆಗಳೂ ಒಂದನ್ನೇ ಅಳೆಯುತ್ತವೆಯೇ ಎಂದು ನೋಡುವ ರಾಶ್ ವಿಶ್ಲೇಷಣೆ ಮಾಡಿದಾಗ ಆ ಪ್ರಶ್ನೆ ಉಳಿದವುಗಳ ಜೊತೆ ಹೊಂದಲಿಲ್ಲ. ಬೇರೆ ಉತ್ತರಗಳಲ್ಲಿ ತೀರಾ ಒಂಟಿಯಾಗಿ ಕಂಡವರೇ ಇದಕ್ಕೆ "ಅದಾರ" ಅಂದಿದ್ದರು. ಸಂಶೋಧಕಿ ಅದರ ಮೇಲೆ ನಿಧಾನವಾಗಿ ಗೆರೆ ಎಳೆದರು.

ಮುಂದಿನ ಭಾನುವಾರ ಪ್ರಶ್ನಾವಳಿ ಇಲ್ಲದೆ ಬರಿಗೈಲಿ ಫಾಲ್ಸಿನ ಬಸ್ಸಿಗೆ ಕಾಯುತ್ತಿದ್ದರು. "ಕೆಲಸ ಮುಗೀತಲ್ರಿ, ಮತ್ತ ಆಯಿ ಕಡೆ ಯಾಕ?" ಅಂದೆ.

"ನನಗೂ ಮಾತಾಡಾಕ ಯಾರೂ ಇಲ್ರಿ," ಅಂದು ಬಸ್ಸು ಹತ್ತಿದರು.

ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.