ಏಳು ಗಂಟೆಯ ಟೇಬಲ್

ಸಂಭಾಜಿನಗರದಲ್ಲಿ ನಮಗೆ ಹಡಗಿನ ಪ್ರವಾಸ ಬುಕ್ ಮಾಡಿಕೊಟ್ಟ ಹೆಂಗಸು ಬೀದರ್ ಕಡೆಯವರು. ಪೆನ್ನಿನ ಕ್ಯಾಪ್ ತೆಗೆಯುತ್ತ ಹಾಕುತ್ತ, ಮಾತಿಗೊಮ್ಮೆ "ನಿಮ್ಮ ಅನುಕೂಲ ನೋಡ್ರಿ" ಅನ್ನುತ್ತಿದ್ದರು. ನನಗೂ ಯಜಮಾನರಿಗೂ ಅವರು ಆರಿಸಿದ್ದು ಮನಸ್ಸಿಗೆ ಬಂದಾಗ ಹೋಗಿ ಉಣ್ಣುವ ವ್ಯವಸ್ಥೆ. ಕಡೆಯ ಸಂಜೆಗೆ ಮಾತ್ರ ಕಿಟಕಿ ಪಕ್ಕದಲ್ಲಿ ಇಬ್ಬರ ಟೇಬಲ್ ಕಾದಿರಿಸಿದ್ದರು.

ಪ್ರಯಾಣಕ್ಕೆ ಮೂರು ತಿಂಗಳಿರುವಾಗ ಯಜಮಾನರು ತೀರಿಕೊಂಡರು. ಎಲ್ಲ ರದ್ದು ಮಾಡಿಸಲು ಹೋದೆ. ಆ ಹೆಂಗಸು ಕಂಪ್ಯೂಟರಿನಲ್ಲಿ ನಮ್ಮ ಬುಕಿಂಗ್ ತೆರೆದರು.

"ರದ್ದು ಮಾಡ್ತೀನ್ರಿ. ಹೋಗೋದಾದ್ರ ಮಾತ್ರ ಎಂಟು ಮಂದಿ ಟೇಬಲ್‌ಗೆ ಹಾಕ್ತೀನಿ. ದಿನಾ ಏಳಕ್ಕ, ಅದೇ ಮಂದಿ, ಅದೇ ಕುರ್ಚಿ."

"ಗುರುತಿಲ್ಲದವರ ಜೋಡಿ ಹೆಂಗ ಉಣ್ಣೋದ್ರಿ?"

ಅವರು ಪೆನ್ನು ಕೆಳಗಿಟ್ಟರು. "ನಮ್ಮವ್ರು ಹೋಗಿ ಆರು ವರ್ಷ ಆತ್ರಿ, ಅಕ್ಕಾರ. ನಾ ಉಂಡ್ನೋ ಇಲ್ಲೋ ಅಂತ ಕೇಳೋರಿಲ್ಲ."

ನಾನು ಹೋದೆ. ಮೂರನೆಯ ಸಂಜೆ ಅಳು ತಡೆಯಲಾಗದೆ ಕೋಣೆಯಲ್ಲೇ ಉಳಿದೆ. ಏಳೂಕಾಲಿಗೆ ಫೋನ್ ಬಂತು. ನಮ್ಮ ಟೇಬಲ್ಲಿನ ನಾಸಿಕದ ಅಜ್ಜಿ ಹಿಂದಿಯಲ್ಲಿ, "ಇನ್ನೂ ಯಾರೂ ಊಟ ಶುರು ಮಾಡಿಲ್ಲ, ಬರ್ತೀರಲ್ಲ?" ಎಂದರು. ಮುಖ ತೊಳೆದುಕೊಂಡು ಹೋದೆ.

ಊರಿಗೆ ಮರಳಿ ಇದನ್ನು ಹೇಳಿದಾಗ ಬೀದರಿನಾಕೆ, "ಎಲ್ಲಾರೂ ಏಳೂಕಾಲ ತನಕ ಕಾದ್ರೇನ್ರಿ?" ಎಂದು ಎರಡು ಸಲ ಕೇಳಿದರು.