ಓದುಗಾರನ ಮೇಜಿಗೆ ಹೋದ ಒದೀಲಿಯಾಳ ದಿನಚರಿ

ಒದೀಲಿಯಾ ಬರೆಯುತ್ತಾಳೆ ಎಂಬುದು ಪಿನಾರ್ ದೆಲ್ ರಿಯೋ ಊರಿನ ಆ ಚುರುಟಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏನು ಬರೆಯುತ್ತಾಳೆ ಎಂಬುದು ಮಾತ್ರ ನರಪಿಳ್ಳೆಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಉಳಿದವರು ಅನ್ನ, ಕರಿ ಹುರುಳಿ ತಿಂದು ಹರಟೆಗೆ ಕೂತರೆ ಇವಳು ಮೇಜಿಗೆ ಅಂಟಿಕೊಂಡು ಬರೆಯುವಳು; ಮುಗಿದ ಮೇಲೆ ನೋಟುಬುಕ್ಕನ್ನು ಡ್ರಾಯರಿನಲ್ಲಿ ಹೊಗೆಸೊಪ್ಪಿನ ಎಲೆಗಳ ಕೆಳಗೆ ತುರುಕುವಳು. ಮನೆಯಲ್ಲಿ ಬರೆಯುವ ಹಾಗಿರಲಿಲ್ಲ. ಅದರಲ್ಲಿದ್ದುದೆಲ್ಲ ಮನೆಯವನ ವಿಷಯ.

ಮನೆಯವನು ಎಲಾದಿಯೋ. ಅದೇ ಹಜಾರದಲ್ಲಿ, ಅವಳ ಪಕ್ಕದ ಮೇಜಿನಲ್ಲೇ ಕೂತು ಚುರುಟು ಸುತ್ತುವವನು. ಅಂತಿಂಥ ಸುತ್ತುಗಾರನಲ್ಲ, ಮೊದಲ ದರ್ಜೆಯವನು. ಆ ದರ್ಜೆಯನ್ನು ಮೀಸೆಯ ಮೇಲೆ ಹೊತ್ತು ಊರೆಲ್ಲ ಮೆರೆದವನು. ಕೆಲವು ವರ್ಷಗಳಿಂದ ಅವನ ಕೈ ನಡುಗುತ್ತಿತ್ತು. ಸುತ್ತು ಸಡಿಲವಾಗಿ ಹೊಗೆ ಎಳೆಯಲು ಬಾರದ ಚುರುಟುಗಳು ಅವನ ಕಟ್ಟಿನಲ್ಲಿ ಸೇರತೊಡಗಿದವು. ಒದೀಲಿಯಾ ಅವನ್ನು ಯಾರೂ ಕಾಣದಂತೆ ಎತ್ತಿ ತನ್ನ ಕಟ್ಟಿಗೆ ಹಾಕಿಕೊಂಡು, ತಾನು ಸುತ್ತಿದ ಒಳ್ಳೆಯವನ್ನು ಅವನ ಕಟ್ಟಿಗೆ ಸೇರಿಸುತ್ತ ಬಂದಳು. ಅವಳ ದರ್ಜೆ ಇಳಿಯಿತು, ಅವನದು ಉಳಿಯಿತು. 'ಏನೇ, ನಿನ್ನ ಕೈಗೆ ಮುಪ್ಪು ಬಂತಾ?' ಎಂದು ಅವನೇ ಅವಳನ್ನು ಛೇಡಿಸುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ನುಂಗಿದ್ದನ್ನೆಲ್ಲ ಕಾಗದದ ಮೇಲೆ ಕಾರಿಕೊಳ್ಳುತ್ತಿದ್ದಳು. ಇಷ್ಟೂ ಇಲ್ಲದಿದ್ದರೆ ಆ ಹೆಂಗಸು ಸಿಡಿದು ಹೋಗುತ್ತಿದ್ದಳು.

ಆ ಹಜಾರದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೂ ಇಲ್ಲ. ಎತ್ತರದ ಜಗಲಿಯ ಮೇಲೆ ಓದುಗಾರ ಕಸಿಮಿರೋ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಎಲ್ಲರಿಗೂ ಕೇಳುವಂತೆ ಓದುತ್ತಾನೆ. ಓದಿಸಬೇಕೆನ್ನಿಸಿದ ಪುಸ್ತಕವನ್ನು ಯಾರು ಬೇಕಾದರೂ ಅವನ ಮೇಜಿನ ಮೇಲಿಡಬಹುದು, ಹೆಸರು ಹೇಳಬೇಕಿಲ್ಲ. ಮೆಚ್ಚಿದರೆ ಎಲೆ ಕತ್ತರಿಸುವ ಬಿಲ್ಲೆಗತ್ತಿಯನ್ನು ಮೇಜಿಗೆ ಬಡಿಯಬೇಕು. ಮೆಚ್ಚದಿದ್ದರೆ ನೆಲಕ್ಕೆ ಎಸೆಯಬೇಕು. ಬರೆದದ್ದೆಲ್ಲ ಹತ್ತು ಜನರಿಗೆ ಓದಿ ಹೇಳಲಿಕ್ಕೇ ಇರುವುದು ಎಂದು ನಂಬಿ ಬದುಕಿದ ಜನ.

ಹಿಂದಿನ ಮೇಜಿನ ನಿಯೆವೆಸ್ ಕೂಡ ಹಾಗೇ ನಂಬಿದವಳು. ಗೆಳತಿ ಕಾದಂಬರಿ ಬರೆಯುತ್ತಿದ್ದಾಳೆ, ನಾಚಿಕೆಗೆ ಮುಚ್ಚಿಡುತ್ತಿದ್ದಾಳೆ ಎಂದು ತಾನೇ ತೀರ್ಮಾನಿಸಿದ್ದಳು. ಕಸಿಮಿರೋ ಓದುತ್ತಿದ್ದ ಕಾದಂಬರಿ ಮುಗಿದ ಮಧ್ಯಾಹ್ನ, ಒದೀಲಿಯಾ ಎಲೆ ತರಲು ಉಗ್ರಾಣಕ್ಕೆ ಹೋಗಿದ್ದಾಗ, ಡ್ರಾಯರಿಗೆ ಕೈಹಾಕಿ ನೋಟುಬುಕ್ಕು ತೆಗೆದು ಕಸಿಮಿರೋನ ಮೇಜಿನ ಮೇಲಿಟ್ಟು ಬಂದಳು. ಉಪಕಾರ ಮಾಡಹೊರಟವರ ಕೈಯಿಂದ ದೇವರೇ ಕಾಪಾಡಬೇಕು.

ಒದೀಲಿಯಾ ಎಲೆಗಳ ಹೊರೆ ಹೊತ್ತು ಬಾಗಿಲಿಗೆ ಬಂದಾಗ ಕಸಿಮಿರೋನ ಕಂಚಿನ ಕಂಠ ಕೇಳಿಸಿತು: "ನಮ್ಮ ಯಜಮಾನ ರೇಡಿಯೋದ ಜೊತೆ ಜಗಳಕ್ಕೆ ಬಿದ್ದಿದ್ದಾನೆ. ಬೇಸ್‌ಬಾಲ್ ಆಟದಲ್ಲಿ ತನ್ನ ತಂಡ ಸೋತದ್ದು ರೇಡಿಯೋದ ತಪ್ಪಂತೆ."

ಹಜಾರ ಗೊಳ್ಳೆಂದಿತು. ಒದೀಲಿಯಾ ಬಾಗಿಲಲ್ಲೇ ನಿಂತಳು. ಅದು ತನ್ನ ಮಾತು, ತನ್ನ ಡ್ರಾಯರಿನ ಒಳಗಿದ್ದ ಮಾತು. ನಿಲ್ಲಿಸು ಎಂದರೆ ಬರೆದವಳು ತಾನೆಂದು ಸಾರಿದ ಹಾಗೆ. ಸುಮ್ಮನಿದ್ದರೆ ಮುಂದಿನ ಪುಟಗಳಿವೆ. ಹೊರೆಯನ್ನು ಮೇಜಿನ ಮೇಲೆ ಇಳಿಸಿ ತನ್ನ ಕುರ್ಚಿಯಲ್ಲಿ ಕೂತಳು. ನಿಯೆವೆಸ್ ಹಿಂದಿನಿಂದ ಬೆನ್ನು ತಿವಿದು, "ನೋಡಿದ್ಯಾ, ಹೆಂಗೆ ನಗ್ತಾವ್ರೆ! ನಾನೇ ಇಟ್ಟಿದ್ದು ಕಣೆ," ಎಂದು ಪಿಸುಗುಟ್ಟಿದಳು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಎಲಾದಿಯೋ. "ಒಳ್ಳೆ ಪೆದ್ದ ಸಿಕ್ಕಿದಾನೆ ಈ ಕಥೆಯವಳಿಗೆ," ಎಂದ.

ಕಸಿಮಿರೋ ಪುಟ ತಿರುವಿದ. "ಭಾನುವಾರ ಅಂಗಿಯ ಗುಂಡಿ ಹಾಕಿಕೊಡು ಅನ್ನುತ್ತಾನೆ. ಪ್ರೀತಿಗೆ ಅಂತೆ. ಬೆರಳು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿಲ್ಲವೆ? ಇವತ್ತೂ ಅವನ ಕಟ್ಟಿನಿಂದ ಸಡಿಲವಾದವನ್ನು ತೆಗೆದು ನನ್ನವನ್ನು ಇಟ್ಟೆ. ಮೇಸ್ತ್ರಿ ಅವನ ಬೆನ್ನು ತಟ್ಟಿದ. ಮನೆಗೆ ಬರುವ ದಾರಿಯುದ್ದಕ್ಕೂ ಹಾಡುತ್ತ ಬಂದ."

"ಆ ಗಂಡಂಗೆ ಕಣ್ಣಿಲ್ವೇನ್ರೋ?" ಎಂದು ಯಾರೋ ಕೂಗಿದರು. ಬಿಲ್ಲೆಗತ್ತಿಗಳು ಮೇಜಿಗೆ ಬಡಿದವು, ಹಜಾರವೇ ಅದುರಿತು. ಎಲಾದಿಯೋ ನಗುತ್ತಿರಲಿಲ್ಲ. ಅವನ ಕತ್ತಿ ನೆಲಕ್ಕೆ ಬಿತ್ತು.

ಬಡಿತ ನಿಂತಿತು. "ಯಾಕಪ್ಪಾ, ಇಷ್ಟು ಚೆನ್ನಾಗಿರೋದು ನಿಂಗೆ ಹಿಡಿಸ್ಲಿಲ್ವಾ?" ಎಂದು ಕಸಿಮಿರೋ ಕೇಳಿದ. ಎಸೆದ ಎಂದೇ ಎಲ್ಲರೂ ತಿಳಿದರು. ಜಾರಿತು ಎಂದು ಒದೀಲಿಯಾಳಿಗೆ ಮಾತ್ರ ಗೊತ್ತು. ಅವಳು ಬಗ್ಗಿದಳು.

"ಬಿಡು," ಎಂದ ಎಲಾದಿಯೋ. "ನಾನೇ ಎತ್ಕೋತೀನಿ."

ಬಗ್ಗಿ ಕೈ ಚಾಚಿದ. ಬೆರಳುಗಳು ಕತ್ತಿಯ ಸುತ್ತ ತಡಕಾಡಿದವು, ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಅಷ್ಟು ಜನರ ಎದುರಿಗೆ ಅವನು ಅದನ್ನು ಪಟ್ಟುಬಿಡದೆ ಎತ್ತಿದ. ಅಷ್ಟರಲ್ಲಿ ಹಜಾರಕ್ಕೆ ಎಲ್ಲ ಅರ್ಥವಾಗಿತ್ತು. ನಿಯೆವೆಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಸಿಮಿರೋ ಹಾವು ಮುಟ್ಟಿದವನಂತೆ ನೋಟುಬುಕ್ಕನ್ನು ಕೆಳಗಿಟ್ಟ.

ಒದೀಲಿಯಾ ಗಂಡನ ಮುಖ ನೋಡಿದಳು. ಸಿಟ್ಟು ಇರುತ್ತದೆ, ಅವಮಾನ ಇರುತ್ತದೆ ಎಂದುಕೊಂಡಿದ್ದಳು. ಅಲ್ಲಿದ್ದುದು ಬರೀ ದಿಗಿಲು, ಗೊತ್ತಿಲ್ಲದವರ ಮನೆಯೊಳಗೆ ನಿದ್ದೆಯಿಂದ ಎದ್ದು ಕೂತವನ ದಿಗಿಲು.

"ಕೈ ನಡುಗ್ತದೆ ಅಂತ ನಂಗೇನು ಗೊತ್ತಿರ್ಲಿಲ್ವಾ?" ಎಂದ ಅವನು, ಅವಳಿಗೆ ಮಾತ್ರ ಕೇಳುವ ಹಾಗೆ. "ದಿನಾ ಹೆದರಿ ಸಾಯ್ತಿದ್ದೆ. ನಿಂಗೆ ಗೊತ್ತಾಗಬಾರದು ಅಂತ ಒಬ್ಬನೇ ಹೆದರ್ತಿದ್ದೆ. ನೀನು ಕಾಗದದ ಹತ್ರ ಎಲ್ಲಾ ಹೇಳ್ಕೊಂಡ್ಯಲ್ಲೇ ಒದೀಲಿಯಾ. ನಾನು ಪಕ್ಕದಲ್ಲೇ ಕೂತಿದ್ದೆ."